ರಾಜಿ ಒಪ್ಪಂದದ ಬಿಡುಗಡೆ ಷರತ್ತನ್ನು ನ್ಯಾಯಾಲಯಗಳು ಹೇಗೆ ಓದುತ್ತವೆ: ಪದೇ ಪದೇ ಕೇಳುವ ಪ್ರಶ್ನೆಗಳು

ವ್ಯಾಜ್ಯವೊಂದು ರಾಜಿಯಲ್ಲಿ ಮುಗಿಯುವಾಗ ಪಕ್ಷಕಾರರ ಗಮನವೆಲ್ಲ ಹಣದ ಮೊತ್ತ ಮತ್ತು ಪಾವತಿಯ ದಿನಾಂಕದ ಮೇಲೆಯೇ ಇರುತ್ತದೆ. ಅದೇ ಪತ್ರದಲ್ಲಿ, ಬಹುಪಾಲು ಕೊನೆಯ ಪುಟಗಳಲ್ಲಿ, ಒಬ್ಬರು ಇನ್ನೊಬ್ಬರ ವಿರುದ್ಧದ ಹಕ್ಕುಗಳನ್ನು ಬಿಟ್ಟುಕೊಡುವ ಒಂದು ಉದ್ದನೆಯ ವಾಕ್ಯವಿರುತ್ತದೆ. ವರ್ಷಗಳ ನಂತರ ಜಗಳ ಮತ್ತೆ ತಲೆಯೆತ್ತಿದರೆ ನ್ಯಾಯಾಲಯದ ಮುಂದೆ ಚರ್ಚೆಯಾಗುವುದು ಹೆಚ್ಚಾಗಿ ಆ ವಾಕ್ಯವೇ. ಇಲ್ಲಿನ ಉತ್ತರಗಳು ಇಂಗ್ಲೆಂಡ್, ಕೆನಡಾ, ಆಸ್ಟ್ರೇಲಿಯಾ, ಅಮೆರಿಕ ಮತ್ತು ಭಾರತದಂತಹ, ಇಂಗ್ಲಿಷ್ ನ್ಯಾಯಪದ್ಧತಿಯಿಂದ ಬೆಳೆದ ವ್ಯವಸ್ಥೆಗಳ ತೀರ್ಪುಗಳನ್ನೂ ಕಾಯ್ದೆಗಳನ್ನೂ ಆಧರಿಸಿವೆ. ಇವು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ನಿಮ್ಮ ಕೈಯಲ್ಲಿರುವ ಒಪ್ಪಂದಕ್ಕೆ ಸಂಬಂಧಿಸಿದ ಸಲಹೆಯನ್ನು ಅದನ್ನು ಪೂರ್ತಿಯಾಗಿ ಓದಿದ ವಕೀಲರಿಂದಲೇ ಪಡೆಯಬೇಕು.

ಬಿಡುಗಡೆ ಷರತ್ತು ಎಂದರೇನು?

ಒಂದು ಪಕ್ಷವು ಇನ್ನೊಂದು ಪಕ್ಷದ ವಿರುದ್ಧ ತನಗಿರುವ ದಾವೆ ಹೂಡುವ ಹಕ್ಕನ್ನು, ಸಾಮಾನ್ಯವಾಗಿ ಹಣ ಅಥವಾ ಬೇರೊಂದು ಪ್ರತಿಫಲಕ್ಕೆ ಬದಲಾಗಿ, ಬಿಟ್ಟುಕೊಡುವ ಷರತ್ತು ಇದು. ನಿರ್ದಿಷ್ಟವಾದ ಒಂದು ಘಟನೆಯಿಂದ ಹುಟ್ಟಿದ ಕ್ಲೇಮುಗಳನ್ನಷ್ಟೇ ಬಿಟ್ಟುಕೊಡುವುದು ಸೀಮಿತ ಬಿಡುಗಡೆ. ಇಬ್ಬರ ನಡುವಿನ ಎಲ್ಲ ಕ್ಲೇಮುಗಳನ್ನೂ ಬಿಟ್ಟುಕೊಡುವುದು ಸಾರ್ವತ್ರಿಕ ಬಿಡುಗಡೆ. ಭಾರತದ 1872ರ ಕರಾರು ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ, ತನಗೆ ಸಲ್ಲಬೇಕಾದುದನ್ನು ಪೂರ್ಣವಾಗಿಯಾಗಲಿ ಭಾಗಶಃವಾಗಿಯಾಗಲಿ ಬಿಟ್ಟುಕೊಡಲು, ಅಥವಾ ಅದರ ಬದಲಿಗೆ ತನಗೆ ಸರಿಕಂಡ ಬೇರೇನನ್ನಾದರೂ ಸ್ವೀಕರಿಸಲು ವ್ಯಕ್ತಿಗೆ ಅವಕಾಶವಿದೆ. ಅದಕ್ಕೆ ಪ್ರತ್ಯೇಕ ಪ್ರತಿಫಲವೂ ಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ ಪ್ರತಿಫಲವಿಲ್ಲದ ಬಿಡುಗಡೆ ಊರ್ಜಿತವಾಗಬೇಕಾದರೆ ಅದು ಸಾಮಾನ್ಯವಾಗಿ ವಿಧಿವತ್ತಾದ ಪತ್ರದ ರೂಪದಲ್ಲಿರಬೇಕು.

ಇಂತಹ ಷರತ್ತನ್ನು ಓದುವಾಗ ನ್ಯಾಯಾಲಯ ಯಾವುದನ್ನು ಹುಡುಕುತ್ತದೆ?

ಸಹಿ ಮಾಡಿದವರ ಮನಸ್ಸಿನಲ್ಲಿ ಗುಟ್ಟಾಗಿ ಏನಿತ್ತು ಎಂಬುದನ್ನು ನ್ಯಾಯಾಲಯ ಹುಡುಕುವುದಿಲ್ಲ. ಒಪ್ಪಂದದ ದಿನ ಎರಡೂ ಕಡೆಯವರಿಗೆ ತಿಳಿದಿದ್ದ ಅಥವಾ ತಿಳಿದಿರಲು ಸಾಧ್ಯವಿದ್ದ ಹಿನ್ನೆಲೆಯನ್ನೆಲ್ಲ ಬಲ್ಲ ವಿವೇಕಿಯಾದ ವ್ಯಕ್ತಿಯೊಬ್ಬನಿಗೆ ಆ ಮಾತುಗಳು ಯಾವ ಅರ್ಥ ಕೊಡುತ್ತಿದ್ದವು ಎಂಬುದೇ ಅದರ ಮುಂದಿರುವ ಪ್ರಶ್ನೆ. ಆದುದರಿಂದ "ನಾನು ಅದನ್ನು ಬಿಟ್ಟುಕೊಡಲು ಉದ್ದೇಶಿಸಿರಲಿಲ್ಲ" ಎಂಬ ಸಾಕ್ಷ್ಯ ಎಷ್ಟೇ ಪ್ರಾಮಾಣಿಕವಾಗಿದ್ದರೂ ಅರ್ಥ ನಿರ್ಣಯದಲ್ಲಿ ಅದಕ್ಕೆ ತೂಕವಿಲ್ಲ.

ಈ ಕಾರಣಕ್ಕಾಗಿಯೇ ಒಪ್ಪಂದದ ಪೀಠಿಕೆಗೆ, ಅಂದರೆ ಯಾವ ಜಗಳ, ಯಾವ ದಾವೆ, ಯಾವ ವ್ಯವಹಾರದ ಹಿನ್ನೆಲೆಯಲ್ಲಿ ರಾಜಿಯಾಯಿತು ಎಂದು ಹೇಳುವ ಆರಂಭದ ಪ್ಯಾರಾಗಳಿಗೆ, ಬಹಳ ಮಹತ್ವವಿದೆ. ಅನೇಕರು ಅದನ್ನು ಬರಿಯ ಔಪಚಾರಿಕತೆ ಎಂದುಕೊಳ್ಳುತ್ತಾರೆ. ನನ್ನ ದೃಷ್ಟಿಯಲ್ಲಿ ಬಿಡುಗಡೆಯ ವ್ಯಾಪ್ತಿಯನ್ನು ನಿರ್ಧರಿಸುವಲ್ಲಿ, "ಯಾವುದೇ ಸ್ವರೂಪದ, ಯಾವುದೇ ಕಾರಣದಿಂದ ಉಂಟಾದ" ಎಂಬಂತಹ ಪದಗಳ ಸಾಲಿಗಿಂತ ಪೀಠಿಕೆಯೂ ವ್ಯಾಖ್ಯೆಗಳೂ ಹೆಚ್ಚು ಕೆಲಸ ಮಾಡುತ್ತವೆ. ಪೀಠಿಕೆಯಲ್ಲಿ ಒಂದೇ ಒಂದು ಗುತ್ತಿಗೆಯ ಬಿಲ್ಲಿನ ವಿವಾದ ಮಾತ್ರ ಇದ್ದು, ಬಿಡುಗಡೆಯಲ್ಲಿ "ಎಲ್ಲ ಕ್ಲೇಮುಗಳು" ಎಂದಿದ್ದರೆ, ಅದೇ ಪಕ್ಷಕಾರರ ನಡುವಿನ ಸಂಬಂಧವಿಲ್ಲದ ಮತ್ತೊಂದು ಆಸ್ತಿ ವ್ಯವಹಾರವೂ ಅದರೊಳಗೆ ಬಂತು ಎಂದು ವಾದಿಸುವುದು ಸುಲಭವಲ್ಲ.

ಸಹಿಗೆ ಮುಂಚೆ ನಡೆದ ಸಂಧಾನದ ಮಾತುಕತೆಗಳನ್ನು ಸಾಕ್ಷ್ಯವಾಗಿ ಹಾಜರುಪಡಿಸಬಹುದೇ?

ಸಾಮಾನ್ಯ ನಿಯಮದಂತೆ, ಮಾತುಕತೆಯ ಕಾಲದಲ್ಲಿ ಯಾರು ಏನು ಬೇಡಿದರು, ಏನು ಬಿಟ್ಟರು ಎಂಬುದು ಅರ್ಥ ನಿರ್ಣಯಕ್ಕೆ ಬರುವುದಿಲ್ಲ. ಹಕ್ಕುಗಳಿಗೆ ಬಾಧೆಯಿಲ್ಲದಂತೆ ನಡೆಸಿದ ರಾಜಿ ಪತ್ರವ್ಯವಹಾರಕ್ಕೆ ಗೋಪ್ಯತೆಯ ರಕ್ಷಣೆಯೂ ಇದೆ. ಆದರೆ ಓಷನ್‌ಬಲ್ಕ್ ಪ್ರಕರಣದಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ 2010ರಲ್ಲಿ ಒಂದು ಮುಖ್ಯವಾದ ವಿನಾಯಿತಿಯನ್ನು ಒಪ್ಪಿತು: ಎರಡೂ ಕಡೆಯವರಿಗೆ ತಿಳಿದಿದ್ದ ಸಂಗತಿಗಳು ಯಾವುವು ಎಂಬುದನ್ನು ತೋರಿಸುವ ಮಟ್ಟಿಗೆ ಅಂತಹ ಪತ್ರವ್ಯವಹಾರವನ್ನು ನೋಡಬಹುದು. ಇಲ್ಲವಾದರೆ ರಾಜಿ ಒಪ್ಪಂದ ಮಾತ್ರ ಬೇರೆಲ್ಲ ಕರಾರುಗಳಿಗಿಂತ ಭಿನ್ನವಾಗಿ, ತನ್ನ ಹಿನ್ನೆಲೆಯನ್ನೇ ಕಳೆದುಕೊಂಡು ಓದಲ್ಪಡುತ್ತಿತ್ತು. ಭಾರತದಲ್ಲಿ ಬರವಣಿಗೆಯಲ್ಲಿರುವ ಕರಾರಿನ ಮಾತುಗಳನ್ನು ಮೌಖಿಕ ಸಾಕ್ಷ್ಯದಿಂದ ಬದಲಿಸಲು ಸಾಕ್ಷ್ಯ ಕಾಯ್ದೆಯ 91 ಮತ್ತು 92ನೇ ಸೆಕ್ಷನ್‌ಗಳು ಬಿಡುತ್ತಿರಲಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಅದೇ ನಿಯಮ ಮುಂದುವರಿದಿದೆ. ವಂಚನೆ, ಬೆದರಿಕೆ, ತಪ್ಪು ತಿಳಿವಳಿಕೆ ಮೊದಲಾದವುಗಳನ್ನು ಸಾಬೀತುಪಡಿಸಲು ಅದರಲ್ಲಿ ಅವಕಾಶವಿದೆ.

"ಎಲ್ಲ ಕ್ಲೇಮುಗಳು" ಎಂದು ಬರೆದ ಮೇಲೆ, ಆಗ ಗೊತ್ತೇ ಇರದಿದ್ದ ಕ್ಲೇಮೂ ಹೋದಂತೆಯೇ?

ಈ ವಿಷಯದಲ್ಲಿ ಅತ್ಯಂತ ಕಠಿಣವಾದ ಪ್ರಶ್ನೆ ಇದೇ, ಮತ್ತು ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. 1870ರಲ್ಲಿ ರೈಲ್ವೆ ಕಂಪನಿಯೊಂದರ ಪ್ರಕರಣದಲ್ಲಿ, ಅಂದರೆ ಬ್ಲ್ಯಾಕ್‌ಮೋರ್ ಪ್ರಕರಣದಲ್ಲಿ, ಆಗ ಇಂಗ್ಲೆಂಡಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಹೇಳಿದ್ದೇನೆಂದರೆ, ಬಿಡುಗಡೆಯ ಸಾಮಾನ್ಯ ಮಾತುಗಳು ಅದನ್ನು ಕೊಟ್ಟ ಸಮಯದಲ್ಲಿ ಪಕ್ಷಕಾರರ ಗಮನದಲ್ಲಿ ವಿಶೇಷವಾಗಿ ಇದ್ದ ಸಂಗತಿಗಳಿಗೆ ಸೀಮಿತವಾಗುತ್ತವೆ ಎಂಬುದು. 1954ರಲ್ಲಿ ಆಸ್ಟ್ರೇಲಿಯಾದ ಹೈಕೋರ್ಟ್ ಗ್ರಾಂಟ್ ಪ್ರಕರಣದಲ್ಲಿ ಇದೇ ಜಾಡಿನಲ್ಲಿ ನಡೆದು, ಬಿಡುಗಡೆಗೆ ಕಾರಣವಾದ ಸಂದರ್ಭವನ್ನು ಮೀರಿ ಅದರ ಸಾಮಾನ್ಯ ಮಾತುಗಳನ್ನು ಹಿಗ್ಗಿಸುವುದು ನ್ಯಾಯಸಮ್ಮತವಲ್ಲವೆಂದಿತು.

ಈ ತತ್ವ ನಿಜವಾದ ಪರೀಕ್ಷೆಗೆ ಒಳಗಾದದ್ದು 2001ರಲ್ಲಿ, ಬ್ಯಾಂಕ್ ಆಫ್ ಕ್ರೆಡಿಟ್ ಅಂಡ್ ಕಾಮರ್ಸ್ ಇಂಟರ್‌ನ್ಯಾಷನಲ್ ಎಂಬ ಬ್ಯಾಂಕಿನ ಉದ್ಯೋಗಿಗಳ ಪ್ರಕರಣದಲ್ಲಿ. 1990ರಲ್ಲಿ ಹುದ್ದೆ ಕಡಿತಕ್ಕೆ ಒಳಗಾದ ಉದ್ಯೋಗಿಯೊಬ್ಬರು ಹೆಚ್ಚುವರಿ ಹಣ ಪಡೆದು, ಇರುವ ಮತ್ತು ಇರಬಹುದಾದ ಎಲ್ಲ ಕ್ಲೇಮುಗಳ ಪೂರ್ಣ ಮತ್ತು ಅಂತಿಮ ಇತ್ಯರ್ಥವೆಂದು ಸಹಿ ಹಾಕಿದ್ದರು. ಮರುವರ್ಷ ಬ್ಯಾಂಕ್ ಕುಸಿದುಬಿತ್ತು. ಅದರ ವ್ಯವಹಾರದ ದೊಡ್ಡ ಭಾಗ ಅಪ್ರಾಮಾಣಿಕವಾಗಿ ನಡೆದಿತ್ತೆಂಬುದು ಬಯಲಾಯಿತು. ಅಲ್ಲಿ ಕೆಲಸ ಮಾಡಿದವರೆಂಬ ಕಳಂಕವೇ ಬೇರೆ ಉದ್ಯೋಗ ಸಿಗದಂತೆ ಮಾಡಿದೆ ಎಂದು ಹಳೆಯ ಉದ್ಯೋಗಿಗಳು ಪರಿಹಾರ ಕೇಳಿದರು. ಅಂತಹ ಕ್ಲೇಮು ಕಾನೂನಿನಲ್ಲಿ ನಿಲ್ಲುತ್ತದೆಂದು ಸ್ಪಷ್ಟವಾದದ್ದೇ 1997ರ ಬೇರೊಂದು ತೀರ್ಪಿನಲ್ಲಿ. ಆ ಉದ್ಯೋಗಿ ಸಹಿ ಹಾಕಿದ ದಿನ ಸಂಗತಿಯೂ ಗೊತ್ತಿರಲಿಲ್ಲ, ಕಾನೂನೂ ಗೊತ್ತಿರಲಿಲ್ಲ.

ಷರತ್ತಿನ ಮಾತುಗಳು ಅಕ್ಷರಶಃ ಈ ಕ್ಲೇಮನ್ನೂ ಒಳಗೊಳ್ಳುವಷ್ಟು ವಿಶಾಲವಾಗಿದ್ದವು. ಆದರೂ ಹೌಸ್ ಆಫ್ ಲಾರ್ಡ್ಸ್ ಬಹುಮತದಿಂದ ಉದ್ಯೋಗಿಯ ಪರವಾಗಿ ತೀರ್ಪಿತ್ತಿತು. ಗೊತ್ತಿಲ್ಲದ ಕ್ಲೇಮುಗಳನ್ನು ಬಿಟ್ಟುಕೊಡಲು ಯಾರಿಗೂ ಅಡ್ಡಿಯಿಲ್ಲ, ಆದರೆ ಮಾತು ಸ್ಪಷ್ಟವಾಗಿಲ್ಲದಿದ್ದಾಗ, ತನಗೆ ಅರಿವಿಲ್ಲದ ಮತ್ತು ಅರಿವಿರಲು ಸಾಧ್ಯವೂ ಇಲ್ಲದ ಹಕ್ಕನ್ನು ಒಬ್ಬರು ಬಿಟ್ಟುಕೊಟ್ಟರೆಂದು ಊಹಿಸಲು ನ್ಯಾಯಾಲಯ ಬಹಳ ಹಿಂಜರಿಯುತ್ತದೆ ಎಂಬುದು ಲಾರ್ಡ್ ಬಿಂಗ್‌ಹ್ಯಾಮ್ ಅವರ ನಿಲುವು. ಲಾರ್ಡ್ ಹಾಫ್‌ಮನ್ ಇದಕ್ಕೆ ಭಿನ್ನಮತ ಬರೆದರು: ಬಿಡುಗಡೆಗೆಂದೇ ಮೀಸಲಾದ ಹಳೆಯ ನಿಯಮಗಳ ಕಾಲ ಮುಗಿದಿದೆ, ಇತರ ಕರಾರುಗಳಂತೆಯೇ ಇದನ್ನೂ ಓದಬೇಕು ಎಂಬುದು ಅವರ ವಾದ. ಆ ಭಿನ್ನಮತವನ್ನು ಓದದೆ ಈ ತೀರ್ಪನ್ನು ಪೂರ್ತಿ ಅರ್ಥ ಮಾಡಿಕೊಂಡಂತಾಗುವುದಿಲ್ಲ, ಏಕೆಂದರೆ ನಂತರದ ಎರಡು ದಶಕಗಳಲ್ಲಿ ಕಾನೂನು ಹಲವೆಡೆ ಆ ದಿಕ್ಕಿಗೇ ವಾಲಿದೆ.

ಹಾಗಾದರೆ ಬಿಡುಗಡೆಗೆ ಪ್ರತ್ಯೇಕವಾದ ಅರ್ಥ ನಿರ್ಣಯದ ನಿಯಮ ಈಗ ಇಲ್ಲವೇ?

ಕೆನಡಾದ ಸುಪ್ರೀಂ ಕೋರ್ಟ್ 2021ರಲ್ಲಿ ಕಾರ್ನರ್ ಬ್ರೂಕ್ ನಗರಾಡಳಿತದ ಪ್ರಕರಣದಲ್ಲಿ ಇಲ್ಲವೆಂದೇ ಹೇಳಿತು. 2009ರ ಮಾರ್ಚ್ 3ರಂದು ಕಾರು ಓಡಿಸುತ್ತಿದ್ದ ಮಹಿಳೆಯೊಬ್ಬರು ನಗರಾಡಳಿತದ ನೌಕರನೊಬ್ಬನಿಗೆ ಡಿಕ್ಕಿ ಹೊಡೆದರು. ನೌಕರ ಆಕೆಯ ಮೇಲೆ ದಾವೆ ಹೂಡಿದ. ಆಕೆ ಮತ್ತು ಪತಿ ಪ್ರತ್ಯೇಕವಾಗಿ ನಗರಾಡಳಿತದ ಮೇಲೆ ದಾವೆ ಹೂಡಿದರು. ಈ ಎರಡನೆಯ ದಾವೆ 7,500 ಡಾಲರ್‌ಗೆ ರಾಜಿಯಾಗಿ, ಆ ಅಪಘಾತದಿಂದ ಹುಟ್ಟಿದ ಅಥವಾ ಅದಕ್ಕೆ ಸಂಬಂಧಿಸಿದ, ಮುಂಗಂಡ ಮತ್ತು ಮುಂಗಾಣದ ಎಲ್ಲ ಕ್ಲೇಮುಗಳನ್ನೂ ದಂಪತಿ ಬಿಟ್ಟುಕೊಟ್ಟರು. ವರ್ಷಗಳ ನಂತರ ಆಕೆ, ನೌಕರನ ದಾವೆಯಲ್ಲಿ ತನ್ನ ಮೇಲೆ ಬೀಳಬಹುದಾದ ಹೊರೆಯನ್ನು ನಗರಾಡಳಿತವೂ ಹೊರಬೇಕೆಂದು ಅದನ್ನು ಆ ದಾವೆಯೊಳಗೆ ಎಳೆದರು. ಬಿಡುಗಡೆ ಇದನ್ನೂ ತಡೆಯುತ್ತದೆಯೇ ಎಂಬುದೇ ಪ್ರಶ್ನೆಯಾಯಿತು.

ತಡೆಯುತ್ತದೆ ಎಂದು ನ್ಯಾಯಾಲಯ ಸರ್ವಾನುಮತದಿಂದ ತೀರ್ಮಾನಿಸಿತು. ಬ್ಲ್ಯಾಕ್‌ಮೋರ್ ನಿಯಮದ ಅಗತ್ಯ ಇನ್ನಿಲ್ಲ, ಮಾತು ಮತ್ತು ಸಂದರ್ಭಗಳನ್ನು ಒಟ್ಟಿಗೆ ನೋಡುವ ಸಾಮಾನ್ಯ ಕರಾರು ನಿಯಮಗಳೇ ಸಾಕು ಎಂದಿತು. ಆದರೆ ಅದರ ಜೊತೆಗೆ ಹೇಳಿದ ಇನ್ನೊಂದು ಮಾತು ಕರಡು ಬರೆಯುವವರಿಗೆ ಹೆಚ್ಚು ಉಪಯುಕ್ತವಾದದ್ದು. ಬಿಡುಗಡೆಗಳನ್ನು ಸ್ವಭಾವತಃ ಬಹಳ ವಿಶಾಲವಾಗಿ ಬರೆಯುವುದರಿಂದ ಮಾತಿಗೂ ಸಂದರ್ಭಕ್ಕೂ ಹೊಂದಿಕೆ ತಪ್ಪುವ ಸಾಧ್ಯತೆ ಹೆಚ್ಚು, ಅದರಿಂದಾಗಿಯೇ ನ್ಯಾಯಾಧೀಶರು ಅವುಗಳನ್ನು ಸಂಕುಚಿತವಾಗಿ ಓದುವ ಸಂದರ್ಭಗಳೂ ಹೆಚ್ಚು. ಬಿಡುಗಡೆಯನ್ನು ನಿರ್ದಿಷ್ಟ ಅವಧಿಗೋ ನಿರ್ದಿಷ್ಟ ವಿಷಯಕ್ಕೋ ಕಟ್ಟಿಹಾಕಿದರೆ ಈ ತೊಂದರೆ ಕಡಿಮೆಯಾಗುತ್ತದೆ. ಇಲ್ಲಿ ವಿಷಯ ಒಂದು ದಿನದ ಒಂದು ಅಪಘಾತಕ್ಕೆ ಕಟ್ಟಿತ್ತು. ಅದರೊಳಗೆ ಬರಬಹುದಾದ ಕ್ಲೇಮಿನ ಪ್ರತಿಯೊಂದು ಬಗೆಯನ್ನೂ ಹೆಸರಿಸಬೇಕಾದ ಅಗತ್ಯ ಬೀಳಲಿಲ್ಲ.

ಬ್ಯಾಂಕ್ ಉದ್ಯೋಗಿಯ ಪ್ರಕರಣವನ್ನೂ ಇದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಕಾಣುತ್ತದೆ. ಕಾರು ಓಡಿಸಿದವರಿಗೆ ನೌಕರನ ದಾವೆಯ ವಿಷಯ ತಿಳಿಯಬಹುದಾಗಿತ್ತು. ಅದರಿಂದ ಹುಟ್ಟಬಹುದಾದ ಹೊರೆಯನ್ನು ಊಹಿಸಲೂಬಹುದಾಗಿತ್ತು. ಬ್ಯಾಂಕಿನ ಉದ್ಯೋಗಿಗೆ ಅಂತಹ ಯಾವ ಸುಳಿವೂ ಇರಲಿಲ್ಲ.

ಅಮೆರಿಕದ ನ್ಯಾಯಾಲಯಗಳ ನಿಲುವೇನು?

ರಾಜ್ಯದಿಂದ ರಾಜ್ಯಕ್ಕೆ ನಿಲುವು ಬೇರೆಯಾಗುತ್ತದೆ. ಕ್ಯಾಲಿಫೋರ್ನಿಯಾದ ಸಿವಿಲ್ ಸಂಹಿತೆಯ 1542ನೇ ಸೆಕ್ಷನ್ ಪ್ರಕಾರ, ಬಿಟ್ಟುಕೊಡುವವರಿಗೆ ಸಹಿಯ ಸಮಯದಲ್ಲಿ ತಿಳಿಯದಿದ್ದ ಮತ್ತು ಅನುಮಾನವೂ ಬರದಿದ್ದ, ತಿಳಿದಿದ್ದರೆ ರಾಜಿಯ ಮೇಲೆ ಗಣನೀಯ ಪರಿಣಾಮ ಬೀರುತ್ತಿದ್ದ ಕ್ಲೇಮುಗಳಿಗೆ ಸಾರ್ವತ್ರಿಕ ಬಿಡುಗಡೆ ಅನ್ವಯಿಸುವುದಿಲ್ಲ. ಆದರೆ ಈ ರಕ್ಷಣೆಯನ್ನೇ ಬಿಟ್ಟುಕೊಡಬಹುದು. ಹಾಗಾಗಿ ಅಲ್ಲಿನ ಒಪ್ಪಂದಗಳಲ್ಲಿ ಆ ಸೆಕ್ಷನ್ನಿನ ಪೂರ್ಣ ಪಾಠವನ್ನು ಉದ್ಧರಿಸಿ, ಅದರ ಪ್ರಯೋಜನವನ್ನು ತ್ಯಜಿಸಿದ್ದೇವೆ ಎಂದು ಬರೆಯುವುದು ರೂಢಿ. ನ್ಯೂಯಾರ್ಕ್ ಇದಕ್ಕೆ ಬೇರೆ ದಿಕ್ಕಿನಲ್ಲಿದೆ. ಅಲ್ಲಿನ ಅತ್ಯುನ್ನತ ನ್ಯಾಯಾಲಯ 2011ರಲ್ಲಿ ಸೆಂಟ್ರೊ ಎಂಪ್ರೆಸಾರಿಯಲ್ ಪ್ರಕರಣದಲ್ಲಿ, ಪಕ್ಷಕಾರರು ಹಾಗೆಂದೇ ಉದ್ದೇಶಿಸಿ ತಿಳಿದು ಒಪ್ಪಿದ್ದರೆ ಇನ್ನೂ ಪತ್ತೆಯಾಗದ ವಂಚನೆಯ ಕ್ಲೇಮನ್ನೂ ಬಿಡುಗಡೆ ಒಳಗೊಳ್ಳಬಹುದೆಂದು ಹೇಳಿತು. ಅನುಭವಿ ವ್ಯಾಪಾರಿಗಳು ವಕೀಲರ ನೆರವಿನೊಂದಿಗೆ ಮಾಡಿಕೊಂಡ ರಾಜಿಯನ್ನು ಅಲ್ಲಿನ ನ್ಯಾಯಾಲಯಗಳು ಸುಲಭವಾಗಿ ಸಡಿಲಿಸುವುದಿಲ್ಲ.

ಎದುರು ಪಕ್ಷ ವಂಚಿಸಿದ್ದರೂ ಬಿಡುಗಡೆ ಅದನ್ನು ಕಾಪಾಡುತ್ತದೆಯೇ?

ಎರಡು ಸನ್ನಿವೇಶಗಳನ್ನು ಬೇರ್ಪಡಿಸಿ ನೋಡಬೇಕು. ಮೊದಲನೆಯದರಲ್ಲಿ ಮೂಲ ವ್ಯವಹಾರದಲ್ಲಿ ವಂಚನೆ ನಡೆದಿರುತ್ತದೆ, ನಂತರ ಆ ವ್ಯವಹಾರದ ಕ್ಲೇಮುಗಳನ್ನು ರಾಜಿಯಲ್ಲಿ ಬಿಟ್ಟುಕೊಡಲಾಗಿರುತ್ತದೆ. ಇಲ್ಲಿ "ವಂಚನೆ" ಎಂಬ ಪದ ಷರತ್ತಿನಲ್ಲಿ ಇರಲೇಬೇಕೆಂಬ ನಿಯಮವಿಲ್ಲ. ಅಪರೂಪದ ಕಾರುಗಳ ಸಂಗ್ರಹವೊಂದರ ಮಾರಾಟದಿಂದ ಹುಟ್ಟಿದ ಮಾರನೆಲ್ಲೊ ರೊಸ್ಸೊ ಪ್ರಕರಣದಲ್ಲಿ ಇಂಗ್ಲೆಂಡಿನ ಅಪೀಲು ನ್ಯಾಯಾಲಯ 2022ರಲ್ಲಿ ಹೇಳಿದ್ದು ಇದನ್ನೇ: ಒಟ್ಟು ಸಂದರ್ಭದಲ್ಲಿ ಮಾತುಗಳು ಸಾಕಷ್ಟು ಸ್ಪಷ್ಟವಾಗಿದ್ದರೆ ವಂಚನೆ, ಪಿತೂರಿಯ ಕ್ಲೇಮುಗಳೂ ಅವುಗಳೊಳಗೆ ಬರುತ್ತವೆ. ಆ ಪ್ರಕರಣದಲ್ಲಿ ಅಂತಹ ಆರೋಪಗಳ ಸುಳಿವು ರಾಜಿಗೆ ಮುಂಚೆಯೇ ಇತ್ತೆಂಬುದೂ ಲೆಕ್ಕಕ್ಕೆ ಬಂತು.

ಎರಡನೆಯ ಸನ್ನಿವೇಶದಲ್ಲಿ ರಾಜಿ ಒಪ್ಪಂದಕ್ಕೆ ಸಹಿ ಪಡೆದದ್ದೇ ವಂಚನೆಯಿಂದ. ಉದಾಹರಣೆಗೆ, ಆಸ್ತಿಯ ವಿವರವನ್ನು ಸುಳ್ಳು ಹೇಳಿ ರಾಜಿಯ ಮೊತ್ತವನ್ನು ತಗ್ಗಿಸಿರಬಹುದು. ಆಗ ಅರ್ಥ ನಿರ್ಣಯದ ಪ್ರಶ್ನೆಗಿಂತ ಮೊದಲು ಒಪ್ಪಂದದ ಅಸ್ತಿತ್ವವೇ ಪ್ರಶ್ನೆಗೊಳಗಾಗುತ್ತದೆ, ಮತ್ತು ಬಿಡುಗಡೆಯನ್ನೂ ಸೇರಿಸಿ ಇಡೀ ಒಪ್ಪಂದವನ್ನು ರದ್ದುಪಡಿಸುವಂತೆ ಕೇಳಬಹುದು. ಹಾಗೆ ಕೇಳುವವರು ಪಡೆದ ಹಣವನ್ನು ಹಿಂದಿರುಗಿಸಲು ಸಿದ್ಧರಿರಬೇಕಾಗುತ್ತದೆ ಎಂಬುದನ್ನು ಮರೆಯಬಾರದು. ನ್ಯೂಯಾರ್ಕಿನ ಮೇಲಿನ ತೀರ್ಪು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬಿಟ್ಟುಕೊಟ್ಟ ವಂಚನೆಗಿಂತ ಬೇರೆಯಾದ ಮತ್ತೊಂದು ವಂಚನೆಯನ್ನು ತೋರಿಸಬೇಕೆಂದು ಕೇಳುತ್ತದೆ.

ಇವೆರಡರ ನಡುವೆ ಒಂದು ಕಿರಿದಾದ ಜಾಗವಿದೆ. ತನ್ನ ಎದುರಿನವರಿಗೆ ಒಂದು ಕ್ಲೇಮು ಇದೆ, ಅದು ಅವರಿಗೆ ಗೊತ್ತಿಲ್ಲ ಎಂಬುದನ್ನು ಅರಿತೂ ಸುಮ್ಮನಿದ್ದು ಸಾರ್ವತ್ರಿಕ ಬಿಡುಗಡೆಗೆ ಸಹಿ ಹಾಕಿಸಿಕೊಂಡರೆ ಏನು? ಬ್ಯಾಂಕ್ ಪ್ರಕರಣದಲ್ಲಿ ಲಾರ್ಡ್ ನಿಕೋಲ್ಸ್ ಇಂತಹ ಕುಯುಕ್ತಿಗೆ ಕಾನೂನು ಪರಿಹಾರ ಕೊಡಬೇಕೆಂಬ ಅಭಿಪ್ರಾಯಪಟ್ಟರು. ಅದು ಸರಿಯಾದ ನಿಲುವೆಂದೇ ನಾನು ಭಾವಿಸುತ್ತೇನೆ, ಏಕೆಂದರೆ ಸಂಧಾನದಲ್ಲಿ ಎಲ್ಲವನ್ನೂ ಹೇಳುವ ಹೊಣೆ ಇಲ್ಲದಿದ್ದರೂ ಇನ್ನೊಬ್ಬರ ಅಜ್ಞಾನದ ಲಾಭವನ್ನು ತಿಳಿದೂ ಪಡೆಯುವುದು ರಾಜಿಯ ಸ್ವಭಾವಕ್ಕೆ ವಿರುದ್ಧವಾದದ್ದು.

ಹಲವರು ಜಂಟಿಯಾಗಿ ಹೊಣೆಗಾರರಿದ್ದಾಗ ಒಬ್ಬರನ್ನು ಬಿಟ್ಟರೆ ಉಳಿದವರೂ ಪಾರಾಗುತ್ತಾರೆಯೇ?

ಹಳೆಯ ಇಂಗ್ಲಿಷ್ ನಿಯಮದಲ್ಲಿ ಜಂಟಿ ಹೊಣೆಗಾರರಲ್ಲಿ ಒಬ್ಬರ ಬಿಡುಗಡೆ ಎಲ್ಲರ ಬಿಡುಗಡೆಯಾಗುತ್ತಿತ್ತು. ಭಾರತದ ಕರಾರು ಕಾಯ್ದೆಯ 44ನೇ ಸೆಕ್ಷನ್, ಜಂಟಿ ವಾಗ್ದಾನದ ಮಟ್ಟಿಗೆ, ಇದಕ್ಕೆ ವಿರುದ್ಧವಾಗಿದೆ: ಒಬ್ಬರನ್ನು ಬಿಟ್ಟರೆ ಉಳಿದವರು ಬಿಡುಗಡೆಯಾಗುವುದಿಲ್ಲ. ಬೇರೆ ಬೇರೆಯಾಗಿ ಹೊಣೆಗಾರರಾದವರ ವಿಷಯದಲ್ಲಿ ಇಂಗ್ಲೆಂಡಿನ ಜೇಮ್ಸನ್ ಪ್ರಕರಣ ಎಚ್ಚರಿಕೆಯಿಂದ ಓದಬೇಕಾದದ್ದು. ಕಲ್ನಾರಿನ ಧೂಳಿನಿಂದ ಮಾರಕ ಕಾಯಿಲೆಗೆ ತುತ್ತಾದ ಕಾರ್ಮಿಕರೊಬ್ಬರು ಸಾವಿಗೆ ಸ್ವಲ್ಪ ಮುಂಚೆ ತಮ್ಮ ಮಾಲೀಕ ಕಂಪನಿಯಿಂದ 80,000 ಪೌಂಡ್‌ಗಳನ್ನು ಪೂರ್ಣ ಮತ್ತು ಅಂತಿಮ ಇತ್ಯರ್ಥವಾಗಿ ಸ್ವೀಕರಿಸಿದರು. ಅವರ ಕ್ಲೇಮಿನ ಪೂರ್ಣ ಮೌಲ್ಯ ಅದಕ್ಕಿಂತ ಹೆಚ್ಚಿತ್ತು. ಆದರೂ ಆ ಮೊತ್ತ ಇಡೀ ನಷ್ಟವನ್ನು ತುಂಬಿಕೊಟ್ಟಂತೆ ಎಂದು ಹೌಸ್ ಆಫ್ ಲಾರ್ಡ್ಸ್ ಓದಿದ್ದರಿಂದ, ಅವರು ಕೆಲಸ ಮಾಡಿದ ಸ್ಥಾವರದ ಒಡೆತನದ ಸಂಸ್ಥೆಯ ವಿರುದ್ಧ ಕುಟುಂಬಕ್ಕೆ ದಾವೆ ಉಳಿಯಲಿಲ್ಲ. 2002ರಲ್ಲಿ ಹೀಟನ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಇದರ ಕಠೋರತೆಯನ್ನು ತಗ್ಗಿಸಿತು: ಪಡೆದ ಮೊತ್ತವನ್ನು ಪೂರ್ಣ ನಷ್ಟದ ಅಳತೆಯೆಂದು ಇಬ್ಬರೂ ಒಪ್ಪಿದ್ದರೇ ಎಂಬುದನ್ನು ಆಯಾ ಒಪ್ಪಂದದಿಂದಲೇ ತಿಳಿಯಬೇಕು, ಮತ್ತು ಆ ಒಪ್ಪಂದದಲ್ಲಿ ಭಾಗಿಯಾಗದ ಮೂರನೆಯವರಿಗೆ ಅದರ ಲಾಭ ತಾನಾಗಿಯೇ ಸಿಗುವುದಿಲ್ಲ. ಇತರರ ವಿರುದ್ಧದ ಹಕ್ಕನ್ನು ಉಳಿಸಿಕೊಳ್ಳಬೇಕಾದವರು ಒಂದೇ ವಾಕ್ಯದಲ್ಲಿ ಅದನ್ನು ಬರೆದಿಡುವುದು ಒಳ್ಳೆಯದು.

ಗಾಯ ನಂತರ ಉಲ್ಬಣಿಸಿದರೆ ರಾಜಿಯನ್ನು ಮತ್ತೆ ತೆರೆಯಬಹುದೇ?

ಸಾಮಾನ್ಯವಾಗಿ ಸಾಧ್ಯವಿಲ್ಲ, ಅಂತಹ ಅನಿಶ್ಚಿತತೆಯನ್ನು ಕೊನೆಗಾಣಿಸುವುದಕ್ಕೇ ರಾಜಿ ಮಾಡಿಕೊಳ್ಳುವುದು. ಆದರೆ ಅಮೆರಿಕದ ಕೆಲವು ರಾಜ್ಯಗಳು ಉಭಯ ಪಕ್ಷಗಳ ತಪ್ಪು ತಿಳಿವಳಿಕೆಯ ಆಧಾರದ ಮೇಲೆ ಸಣ್ಣ ಬಾಗಿಲೊಂದನ್ನು ತೆರೆದಿಟ್ಟಿವೆ. ತಿಳಿದಿದ್ದ ಗಾಯ ನಿರೀಕ್ಷೆಗಿಂತ ಹದಗೆಟ್ಟರೆ ಅದು ಸಹಿ ಹಾಕಿದವರ ಪಾಲಿನ ಅಪಾಯ. ಗಾಯದ ಸ್ವರೂಪವೇ ಆಗ ಇಬ್ಬರಿಗೂ ತಿಳಿದಿರಲಿಲ್ಲವಾದರೆ ಬಿಡುಗಡೆಯನ್ನು ರದ್ದುಗೊಳಿಸುವ ಸಾಧ್ಯತೆ ಉಳಿಯುತ್ತದೆ.

ಉದ್ಯೋಗಿಗಳಿಗೆ ವಿಶೇಷ ರಕ್ಷಣೆ ಇದೆಯೇ?

ಅನೇಕ ದೇಶಗಳಲ್ಲಿ ಇದೆ. ಬ್ರಿಟನ್ನಿನಲ್ಲಿ 1996ರ ಉದ್ಯೋಗ ಹಕ್ಕುಗಳ ಕಾಯ್ದೆಯ 203ನೇ ಸೆಕ್ಷನ್ ಪ್ರಕಾರ, ಶಾಸನಬದ್ಧ ಹಕ್ಕುಗಳನ್ನು ಬಿಟ್ಟುಕೊಡುವ ಒಪ್ಪಂದ ಬರವಣಿಗೆಯಲ್ಲಿರಬೇಕು, ನಿರ್ದಿಷ್ಟ ದೂರಿಗೆ ಸಂಬಂಧಿಸಿರಬೇಕು, ಉದ್ಯೋಗಿಗೆ ಸ್ವತಂತ್ರ ಸಲಹೆ ದೊರೆತಿರಬೇಕು. ಅಮೆರಿಕದಲ್ಲಿ 40 ವರ್ಷ ತುಂಬಿದ ಉದ್ಯೋಗಿ ವಯೋಭೇದದ ಕ್ಲೇಮನ್ನು ಬಿಟ್ಟುಕೊಡುವಾಗ, 1990ರ ಕಾಯ್ದೆಯಂತೆ, ಯೋಚಿಸಲು ಕನಿಷ್ಠ 21 ದಿನ, ಸಾಮೂಹಿಕ ಕಡಿತವಾದರೆ 45 ದಿನ, ಮತ್ತು ಸಹಿಯ ನಂತರ ಹಿಂತೆಗೆದುಕೊಳ್ಳಲು 7 ದಿನಗಳ ಅವಕಾಶ ಇರಲೇಬೇಕು. ಇವುಗಳಲ್ಲಿ ಒಂದು ತಪ್ಪಿದರೂ, ಮಾತುಗಳು ಎಷ್ಟೇ ಸ್ಪಷ್ಟವಾಗಿದ್ದರೂ ಆ ಕ್ಲೇಮಿನ ಮಟ್ಟಿಗೆ ಬಿಡುಗಡೆ ನಿಲ್ಲುವುದಿಲ್ಲ.

ರಾಜಿಯ ಮೂಲಕ ಕ್ರಿಮಿನಲ್ ಪ್ರಕರಣವನ್ನೂ ಬಿಟ್ಟುಕೊಡಬಹುದೇ?

ಅಪರಾಧದ ವಿಚಾರಣೆ ಪಕ್ಷಕಾರರ ಸ್ವತ್ತಲ್ಲ. ಭೋಪಾಲ್ ಅನಿಲ ದುರಂತದ ಪ್ರಕರಣದಲ್ಲಿ ಭಾರತದ ಸುಪ್ರೀಂ ಕೋರ್ಟ್ 1989ರ ಫೆಬ್ರವರಿಯಲ್ಲಿ 47 ಕೋಟಿ ಡಾಲರ್ ಮೊತ್ತದ ರಾಜಿಯನ್ನು ದಾಖಲಿಸಿದಾಗ, ಸಿವಿಲ್ ಕ್ಲೇಮುಗಳ ಜೊತೆಗೆ ಕ್ರಿಮಿನಲ್ ಮೊಕದ್ದಮೆಗಳನ್ನೂ ರದ್ದುಪಡಿಸಲಾಗಿತ್ತು. 1991ರ ಮರುಪರಿಶೀಲನಾ ತೀರ್ಪಿನಲ್ಲಿ ಹಣದ ರಾಜಿ ಉಳಿಯಿತು, ಆದರೆ ಕ್ರಿಮಿನಲ್ ಮೊಕದ್ದಮೆಗಳ ರದ್ದತಿಯನ್ನು ತೆಗೆದುಹಾಕಿ ಅವುಗಳಿಗೆ ಮರುಜೀವ ಕೊಡಲಾಯಿತು. ಹೆಚ್ಚುವರಿ ಪರಿಹಾರ ಕೋರಿ ಕೇಂದ್ರ ಸರ್ಕಾರ ಸಲ್ಲಿಸಿದ್ದ ಕ್ಯುರೇಟಿವ್ ಅರ್ಜಿಯನ್ನು, ಅಂದರೆ ಮರುಪರಿಶೀಲನೆಯೂ ಮುಗಿದ ಮೇಲಿನ ಕೊನೆಯ ಅರ್ಜಿಯನ್ನು, ಸಂವಿಧಾನ ಪೀಠ 2023ರ ಮಾರ್ಚ್‌ನಲ್ಲಿ ವಜಾ ಮಾಡಿತು. ರಾಜಿಯ ಅಂತಿಮತೆಗೆ ನ್ಯಾಯಾಲಯಗಳು ಕೊಡುವ ತೂಕ ಎಷ್ಟೆಂಬುದು ಇದರಿಂದ ತಿಳಿಯುತ್ತದೆ. ಕಾನೂನೇ ರಾಜಿಗೆ ಅವಕಾಶ ಕೊಟ್ಟ ಸಣ್ಣ ಅಪರಾಧಗಳ ಮಾತು ಬೇರೆ. ಮುಖ್ಯವಾಗಿ ಸಿವಿಲ್ ಸ್ವರೂಪದ ವಿವಾದಗಳಲ್ಲಿ ಹೈಕೋರ್ಟ್ ತನ್ನ ಅಂತರ್ಗತ ಅಧಿಕಾರದಿಂದ ಮೊಕದ್ದಮೆಯನ್ನು ರದ್ದುಪಡಿಸಬಹುದೆಂದು ಜ್ಞಾನ್ ಸಿಂಗ್ ಪ್ರಕರಣದಲ್ಲಿ 2012ರಲ್ಲಿ ತೀರ್ಮಾನವಾಗಿದೆ. ಆಗಲೂ ನಿರ್ಧಾರ ನ್ಯಾಯಾಲಯದ್ದು, ಷರತ್ತಿನದ್ದಲ್ಲ.

ಹಣ ಸಿಗಲೆಂದು ಅನಿವಾರ್ಯವಾಗಿ "ಪೂರ್ಣ ಮತ್ತು ಅಂತಿಮ" ರಸೀದಿಗೆ ಸಹಿ ಹಾಕಿದ್ದೇನೆ. ದಾರಿ ಮುಚ್ಚಿತೇ?

ಮುಚ್ಚಿಯೇ ಹೋಯಿತು ಎನ್ನುವಂತಿಲ್ಲ. ವಿಮಾ ಕಂಪನಿಗಳೂ ಗುತ್ತಿಗೆ ಕೊಡುವ ಸಂಸ್ಥೆಗಳೂ ಮೊದಲೇ ಅಚ್ಚಾದ ಡಿಸ್ಚಾರ್ಜ್ ವೋಚರ್‌ಗೆ ಸಹಿ ಹಾಕಿದರೆ ಮಾತ್ರ, ತಾವೇ ಒಪ್ಪಿಕೊಂಡ ಮೊತ್ತವನ್ನೂ ಬಿಡುಗಡೆ ಮಾಡುವ ಪರಿಪಾಠವನ್ನು ಭಾರತದ ಸುಪ್ರೀಂ ಕೋರ್ಟ್ ಬೋಘಾರಾ ಪಾಲಿಫ್ಯಾಬ್ ಪ್ರಕರಣದ ತೀರ್ಪಿನಲ್ಲಿ ವಿವರವಾಗಿ ಪರಿಶೀಲಿಸಿತು. ಆರ್ಥಿಕ ಬಲವಂತ, ವಂಚನೆ ಅಥವಾ ಅನುಚಿತ ಪ್ರಭಾವದಿಂದ ಪಡೆದ ಸಹಿಯನ್ನು ಮನಃಪೂರ್ವಕ ಇತ್ಯರ್ಥವೆಂದು ಹೇಳಲಾಗದು ಎಂಬುದು ಅದರ ಸಾರ. ಆದರೆ ಜೀನಸ್ ಪವರ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಬಲವಂತವಾಯಿತೆಂದು ಬರಿದೇ ಹೇಳಿದರೆ ಸಾಲದು, ಮೇಲ್ನೋಟಕ್ಕಾದರೂ ನಂಬುವಂತಹ ಆಧಾರ ಬೇಕು ಎಂದು ಸ್ಪಷ್ಟಪಡಿಸಿತು. ಸಹಿ ಹಾಕಿದ ಕೂಡಲೇ ಬರೆದ ಪ್ರತಿಭಟನೆಯ ಪತ್ರ, ಹಣ ತಡೆಹಿಡಿದದ್ದನ್ನು ತೋರಿಸುವ ಇಮೇಲ್, ಬಾಕಿ ಬ್ಯಾಂಕ್ ಸಾಲದ ದಾಖಲೆ ಇಂತಹವು ಇಲ್ಲಿ ನಿರ್ಣಾಯಕವಾಗುತ್ತವೆ. ತಿಂಗಳುಗಟ್ಟಲೆ ಸುಮ್ಮನಿದ್ದು ಆಮೇಲೆ ಎತ್ತಿದ ತಕರಾರನ್ನು ನ್ಯಾಯಾಲಯಗಳು ಅನುಮಾನದಿಂದಲೇ ನೋಡುತ್ತವೆ.

ರಾಜಿ ನ್ಯಾಯಾಲಯದ ಡಿಕ್ರಿಯಾಗಿದ್ದರೆ ಏನು ವ್ಯತ್ಯಾಸ?

ಅರ್ಥ ನಿರ್ಣಯದ ರೀತಿ ಹೆಚ್ಚುಕಡಿಮೆ ಅದೇ. ಪ್ರಶ್ನಿಸುವ ದಾರಿ ಮಾತ್ರ ಬದಲಾಗುತ್ತದೆ. ಭಾರತದ ಸಿವಿಲ್ ಪ್ರಕ್ರಿಯಾ ಸಂಹಿತೆಯ 23ನೇ ಆದೇಶದ 3ಎ ನಿಯಮದಂತೆ, ರಾಜಿ ಕಾನೂನುಬದ್ಧವಾಗಿರಲಿಲ್ಲ ಎಂಬ ಕಾರಣಕ್ಕೆ ಡಿಕ್ರಿಯನ್ನು ರದ್ದುಪಡಿಸಲು ಪ್ರತ್ಯೇಕ ದಾವೆ ಹೂಡುವಂತಿಲ್ಲ. ರಾಜಿಯನ್ನು ದಾಖಲಿಸಿದ ನ್ಯಾಯಾಲಯದ ಮುಂದೆಯೇ ಅರ್ಜಿ ಹಾಕಬೇಕು.

ಸಹಿಗೆ ಮುಂಚೆ ಷರತ್ತಿನಲ್ಲಿ ಏನನ್ನು ನೋಡಬೇಕು?

ಮೊದಲು ಬಿಟ್ಟುಕೊಡುವವರು ಮತ್ತು ಬಿಡುಗಡೆ ಪಡೆಯುವವರ ವ್ಯಾಖ್ಯೆಯನ್ನು ನೋಡಿ. ಅದರೊಳಗೆ ಅಂಗಸಂಸ್ಥೆಗಳು, ನಿರ್ದೇಶಕರು, ವಿಮಾದಾರರು, ವಾರಸುದಾರರು ಸೇರಿದ್ದರೆ ನೀವು ಎಣಿಸಿದ್ದಕ್ಕಿಂತ ಹೆಚ್ಚು ಜನರ ಮೇಲಿನ ಹಕ್ಕು ಹೋಗುತ್ತದೆ. ನಂತರ ದಿನಾಂಕ ನೋಡಿ: ಸಹಿಯ ದಿನದವರೆಗೆ ಹುಟ್ಟಿದ ಕ್ಲೇಮುಗಳೇ, ಮುಂದೆ ಹುಟ್ಟುವವೂ ಸೇರಿವೆಯೇ? ಗೊತ್ತಿಲ್ಲದ ಕ್ಲೇಮುಗಳ ಬಗ್ಗೆ ಪ್ರತ್ಯೇಕ ವಾಕ್ಯವಿದ್ದರೆ, ನ್ಯಾಯಾಲಯ ಅದನ್ನು ನಿಮ್ಮ ಸ್ಪಷ್ಟ ಒಪ್ಪಿಗೆಯೆಂದೇ ಓದುವ ಸಾಧ್ಯತೆ ಹೆಚ್ಚು. ಆ ಅಪಾಯಕ್ಕೆ ತಕ್ಕ ಬೆಲೆ ಮೊತ್ತದಲ್ಲಿ ಸೇರಿದೆಯೇ ಎಂದು ಕೇಳುವ ಸಮಯ ಅದೇ. ರಾಜಿ ಒಪ್ಪಂದವನ್ನೇ ಜಾರಿಗೊಳಿಸುವ ಹಕ್ಕು, ಬಾಕಿ ಕಂತುಗಳು, ಪಿಂಚಣಿಯಂತಹ ಈಗಾಗಲೇ ಗಳಿಸಿದ ಸೌಲಭ್ಯಗಳು ಬಿಡುಗಡೆಯಿಂದ ಹೊರಗಿವೆ ಎಂಬುದು ಬರವಣಿಗೆಯಲ್ಲಿರಲಿ. ಬಿಡುಗಡೆ ಸಹಿಯೊಡನೆಯೇ ಜಾರಿಗೆ ಬರುತ್ತದೆಯೇ ಅಥವಾ ಪೂರ್ಣ ಹಣ ಸಂದಾಯವಾದ ಮೇಲೆಯೇ ಎಂಬುದನ್ನೂ ನೋಡಿ. ಸಹಿಯೊಡನೆಯೇ ಜಾರಿಗೆ ಬಂದಿದ್ದರೆ, ಹಣ ಬಾರದಿದ್ದಾಗ ನಿಮ್ಮ ಕೈಯಲ್ಲಿ ಸಾಮಾನ್ಯವಾಗಿ ಉಳಿಯುವುದು ರಾಜಿಯ ಮೊತ್ತದ ವಸೂಲಿ ದಾವೆ ಮಾತ್ರ. ಮೂಲ ಕ್ಲೇಮು ಮರಳಿ ಬರುವುದಿಲ್ಲ.